ಹುಡುಕಲು ಕಲಿಯುವ ಬೆರಳು

ತಮಿಳುನಾಡಿನ ಅದಿಯಮಾನ್‌ಕೋಟೆಯ ನಮ್ಮ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಮೂರನೇ ತರಗತಿಯ ಮೊಮ್ಮಗಳಿಗೆ ನಿಘಂಟು ನೋಡುವುದನ್ನು ಕಲಿಸುತ್ತಿದ್ದೇನೆ. ಅರ್ಥ ಆಮೇಲೆ, ಮೊದಲು ಕ್ರಮ. ‘ಕಲೆ’ಯ ನಂತರವೇ ‘ಕಲ್ಲು’, ಏಕೆಂದರೆ ಕಾಗುಣಿತ ಮುಗಿದ ಮೇಲೆ ಒತ್ತಕ್ಷರದ ಸರದಿ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಚೀಟಿಗಳಲ್ಲಿ ಪದ ಬರೆದು ನೆಲದ ಮೇಲೆ ಜೋಡಿಸಲು ಬಿಡಬೇಕು.

ನಿಘಂಟಿನ ನಂತರ ವಿಶ್ವಕೋಶ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗೆಂದು ‘ಬಾಲ ಪ್ರಪಂಚ’ ಎಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಕೊಟ್ಟರು, ಎಂಥ ದೊಡ್ಡ ಮನಸ್ಸು! ಅಂಥ ಪುಸ್ತಕ ಮಗುವಿನ ಕೈಗೆಟುಕುವ ಕಪಾಟಿನಲ್ಲಿರಬೇಕು, ಬೀಗದೊಳಗಲ್ಲ.

ಊರಿಗೆ ಹೆಸರು ಕೊಟ್ಟ ಅದಿಯಮಾನ್ ಯಾರೆಂದು ಮೊಮ್ಮಗಳು ಕೇಳಿದಾಗ, ಕವಯಿತ್ರಿ ಔವೈಯಾರ್‌ಗೆ ಅವನು ನೆಲ್ಲಿಕಾಯಿ ಕೊಟ್ಟ ಕಥೆಯನ್ನು ನಾನೇ ಹೇಳಬಹುದಿತ್ತು. ಹೇಳಲಿಲ್ಲ. ಕಪಾಟಿನ ಒಂದು ಪುಸ್ತಕದ ಕೊನೆಯ ಪದಸೂಚಿ ತೋರಿಸಿದೆ. ಪುಟಸಂಖ್ಯೆ ಹಿಡಿದು ಅವಳೇ ಹೋದಳು; ಇನ್ನೊಂದು ಪುಸ್ತಕವನ್ನೂ ತೆಗೆದು, ಎರಡೂ ಒಂದೇ ಮಾತು ಹೇಳುತ್ತವೆಯೇ ಎಂದು ಹೋಲಿಸತೊಡಗಿದಳು.