ಹೆಸರು ಹಿಡಿದು ಕರೆಯದೆ ಟೆಂಪ್ಲೇಟ್ ಆರಿಸುವ ಬಗೆ

ಎಕ್ಸ್‌ಎಂಎಲ್ ಕಡತಗಳನ್ನು ಬೇರೆ ರೂಪಕ್ಕೆ ತಿರುಗಿಸುವ ಎಕ್ಸ್‌ಎಸ್‌ಎಲ್‌ಟಿ ಭಾಷೆಯಲ್ಲಿ ಟೆಂಪ್ಲೇಟಿಗೆ ಕೆಲಸ ಹಚ್ಚುವ ಮುಖ್ಯ ದಾರಿಗಳು ಎರಡು. ‘ಕಾಲ್-ಟೆಂಪ್ಲೇಟ್’ ಆಜ್ಞೆ ಹೆಸರು ಹಿಡಿದು ಕರೆಯುತ್ತದೆ. ‘ಅಪ್ಲೈ-ಟೆಂಪ್ಲೇಟ್ಸ್’ ನೋಡ್‌ಗಳನ್ನು ಮುಂದಿಡುತ್ತದೆ. ಯಾವ ಟೆಂಪ್ಲೇಟ್ ಯಾವ ನೋಡಿಗೆ ಹೊಂದುತ್ತದೆ ಎಂಬುದನ್ನು ಪ್ರೊಸೆಸರೇ ತೀರ್ಮಾನಿಸುತ್ತದೆ.

ಬೇರೆ ಭಾಷೆಗಳಿಂದ ಬಂದ ಪ್ರೋಗ್ರಾಮರ್‌ಗಳ ಕೈ ಮೊದಲು ಹೋಗುವುದು ಕಾಲ್-ಟೆಂಪ್ಲೇಟಿನ ಕಡೆಗೆ. ಹೆಸರಿನ ಜಾಗದಲ್ಲಿ ಪುಷ್ಪಾವರಣದೊಳಗೆ ಒಂದು ವೇರಿಯೆಬಲ್ ಇಟ್ಟರೆ ಚಾಲನೆಯ ಹೊತ್ತಿಗೆ ಬೇಕಾದ ಟೆಂಪ್ಲೇಟ್ ಸಿಕ್ಕೀತು ಎಂಬುದು ಅವರ ಎಣಿಕೆ. ಪ್ರೊಸೆಸರ್ ಅದನ್ನು ದೋಷವೆಂದು ತಳ್ಳಿಹಾಕುತ್ತದೆ. 1999ರ ನವೆಂಬರ್‌ನಲ್ಲಿ ಜೇಮ್ಸ್ ಕ್ಲಾರ್ಕ್ ಸಂಪಾದಕತ್ವದಲ್ಲಿ ಬಂದ 1.0 ಆವೃತ್ತಿಯಿಂದ 2017ರ 3.0ರವರೆಗೂ ಈ ಹೆಸರು ಸ್ಟೈಲ್‌ಶೀಟ್ ಬರೆಯುವಾಗಲೇ ಗೊತ್ತಾಗಿರಬೇಕು. ಒಂದೇ ನೋಡಿಗೆ ಬೇರೆ ಬೇರೆ ಟೆಂಪ್ಲೇಟ್ ಆರಿಸಲು ನೆರವಾಗುವ ‘ಮೋಡ್’ನ ಹೆಸರಿಗೂ ಇದೇ ಕಟ್ಟು.

ಹೆಚ್ಚಿನ ಸಂದರ್ಭಗಳಲ್ಲಿ ಹೆಸರಿನ ಅಗತ್ಯವೇ ಇರುವುದಿಲ್ಲ. ಒಂದು ಪತ್ರಿಕೆಯ ಸಂಚಿಕೆ ಎಕ್ಸ್‌ಎಂಎಲ್‌ನಲ್ಲಿದೆ ಎಂದುಕೊಳ್ಳೋಣ. ಪ್ರತಿ ‘ಬರಹ’ಕ್ಕೂ ‘ಬಗೆ’ ಎಂಬ ಗುಣವಿದೆ: ಕವಿತೆ, ಕಥೆ, ಸಂದರ್ಶನ. (ಎಕ್ಸ್‌ಎಂಎಲ್‌ನಲ್ಲಿ ಟ್ಯಾಗಿನ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು.) ಬರಹ[@ಬಗೆ='ಕವಿತೆ'] ಎಂಬ ಮಾದರಿಗೆ ಒಂದು ಟೆಂಪ್ಲೇಟ್, ಬರಿಯ ‘ಬರಹ’ಕ್ಕೆ ಇನ್ನೊಂದು ಬರೆದರೆ ಸಾಕು. ಕವಿತೆಗೆ ಎರಡೂ ಹೊಂದುತ್ತವೆ. ಆಗ ಆದ್ಯತೆ ನೋಡಲಾಗುತ್ತದೆ. ಷರತ್ತುಳ್ಳ ಮಾದರಿಗೆ 0.5, ಬರಿಯ ಹೆಸರಿಗೆ 0, ಎಲ್ಲ ಎಲಿಮೆಂಟುಗಳಿಗೂ ಹೊಂದುವ ನಕ್ಷತ್ರ ಚಿಹ್ನೆಗೆ -0.5. ಹೀಗೆ ಕವಿತೆ ತನ್ನ ಟೆಂಪ್ಲೇಟನ್ನೇ ಸೇರುತ್ತದೆ. ನಾಳೆ ‘ಹರಟೆ’ ಎಂಬ ಹೊಸ ಬಗೆ ಬಂದರೆ ಹಳೆಯ ಸಾಲುಗಳನ್ನು ಮುಟ್ಟದೆ ಒಂದು ಟೆಂಪ್ಲೇಟ್ ಸೇರಿಸಿದರಾಯಿತು. ಉದ್ದುದ್ದ ‘ಚೂಸ್’ ಆಜ್ಞೆ ಬರೆಯುವುದಕ್ಕಿಂತ ಇದು ಎಷ್ಟೋ ಮೇಲು.

ಆಯ್ಕೆಯ ಆಧಾರ ದತ್ತಾಂಶದಲ್ಲಿಲ್ಲದೆ ಹೊರಗಿನಿಂದ ಬಂದಾಗ ತೊಡಕು ಶುರುವಾಗುತ್ತದೆ. ಪಟ್ಟಿ ಮಾಡುವ ಟೆಂಪ್ಲೇಟ್ ಒಂದೇ, ಆದರೆ ಪ್ರತಿ ಸಾಲಿನ ಮೇಲೆ ಏನು ಮಾಡಬೇಕೆಂಬುದನ್ನು ಕರೆಯುವವರು ಹೇಳಬೇಕು. ದಿಮಿತ್ರೆ ನೊವಾಚೆವ್ ತಮ್ಮ ಎಫ್‌ಎಕ್ಸ್‌ಎಸ್‌ಎಲ್ ಸಂಗ್ರಹದಲ್ಲಿ ಇದಕ್ಕೆ ತುಂಬ ಸೊಗಸಾದ ದಾರಿ ತೋರಿಸಿದರು. ಟೆಂಪ್ಲೇಟನ್ನು ಪ್ಯಾರಾಮೀಟರ್ ಆಗಿ ಕಳಿಸಲಾಗದಿದ್ದರೇನು, ನೋಡನ್ನು ಕಳಿಸಬಹುದಲ್ಲ! ತನ್ನದೇ ನೇಮ್‌ಸ್ಪೇಸ್ ಇರುವ ಒಂದು ಖಾಲಿ ಎಲಿಮೆಂಟನ್ನು ಸ್ಟೈಲ್‌ಶೀಟಿನ ಮೇಲ್ಮಟ್ಟದಲ್ಲಿ ಇಡಬೇಕು. ಅದಕ್ಕೆ ಮಾತ್ರ ಹೊಂದುವ ಟೆಂಪ್ಲೇಟ್ ಬರೆಯಬೇಕು. ಖಾಲಿ ಸ್ಟ್ರಿಂಗ್ ಕೊಟ್ಟು ‘ಡಾಕ್ಯುಮೆಂಟ್’ ಫಂಕ್ಷನ್ ಕರೆದರೆ ಸ್ಟೈಲ್‌ಶೀಟ್ ತನ್ನನ್ನೇ ಓದಿಕೊಳ್ಳುತ್ತದೆ. ಅಲ್ಲಿಂದ ಆ ಎಲಿಮೆಂಟನ್ನು ಎತ್ತಿ ಪ್ಯಾರಾಮೀಟರ್ ಆಗಿ ಕಳಿಸಬೇಕು. ಪಡೆದ ಟೆಂಪ್ಲೇಟ್ ಅದರ ಮೇಲೆ ಅಪ್ಲೈ-ಟೆಂಪ್ಲೇಟ್ಸ್ ನಡೆಸಿದಾಗ ಉದ್ದೇಶಿತ ಟೆಂಪ್ಲೇಟೇ ಎದ್ದು ಬರುತ್ತದೆ. ಇಲ್ಲಿ ಹಲವರು ಎಡವುವ ಜಾಗವೊಂದಿದೆ: ಆಗ ಪ್ರಸ್ತುತ ನೋಡ್ ಎಂದರೆ ಆ ಖಾಲಿ ಎಲಿಮೆಂಟ್, ದತ್ತಾಂಶದ ನೋಡ್ ಅಲ್ಲ. ನಿಜವಾದ ನೋಡನ್ನು ‘ವಿತ್-ಪ್ಯಾರಾಮ್’ ಮೂಲಕ ಜೊತೆಗೇ ಕಳಿಸಬೇಕು.

ಮೈಕೆಲ್ ಕೇ ಸಂಪಾದಿಸಿದ 3.0 ಆವೃತ್ತಿಯಲ್ಲಿ ಈ ಸುತ್ತುದಾರಿಯ ಅಗತ್ಯ ಬಹಳಷ್ಟು ತಗ್ಗಿತು. ಫಂಕ್ಷನ್‌ಗಳನ್ನೇ ಮೌಲ್ಯಗಳಂತೆ ಮ್ಯಾಪ್‌ನಲ್ಲಿಟ್ಟು ಹೆಸರಿನಿಂದ ತೆಗೆಯಬಹುದು. ‘ಫಂಕ್ಷನ್-ಲುಕಪ್’ ಹೆಸರನ್ನೂ ಆರ್ಗ್ಯುಮೆಂಟುಗಳ ಸಂಖ್ಯೆಯನ್ನೂ ಕೊಟ್ಟರೆ ಫಂಕ್ಷನ್ ಹುಡುಕಿಕೊಡುತ್ತದೆ. ‘ಟ್ರಾನ್ಸ್‌ಫಾರ್ಮ್’ ಫಂಕ್ಷನ್ನಿಗೆ ಮೊದಲ ಟೆಂಪ್ಲೇಟಿನ ಹೆಸರನ್ನು ಚಾಲನೆಯ ಹೊತ್ತಿನಲ್ಲೇ ಕೊಡಬಹುದು. ಆದರೆ ಅಲ್ಲಿ ನಡೆಯುವುದು ಬೇರೆಯದೇ ರೂಪಾಂತರ. ನೋಡ್‌ಗಳನ್ನು ಆರಿಸುವ ಎಕ್ಸ್‌ಪಾತ್ ಭಾಷೆಯ ಸ್ಟ್ರಿಂಗನ್ನು ನಡೆಸುವ ‘ಇವ್ಯಾಲ್ಯುಯೇಟ್’ ಆಜ್ಞೆ ಪ್ರಬಲವಾದದ್ದು, ಆದರೆ ಐಚ್ಛಿಕ. ಎಲ್ಲ ಪ್ರೊಸೆಸರ್‌ಗಳಲ್ಲೂ ಸಿಗುವುದಿಲ್ಲ. ಹೊರಗಿನವರು ಟೈಪಿಸಿದ ಸ್ಟ್ರಿಂಗನ್ನು ಅದಕ್ಕೆ ನೇರವಾಗಿ ಕೊಡುವುದು ಅಪಾಯ.

ಲಿಬ್‌ಎಕ್ಸ್‌ಎಸ್‌ಎಲ್‌ಟಿ ಮುಂತಾದ ಪ್ರೊಸೆಸರ್‌ಗಳು 1.0ರಲ್ಲೇ ನಿಂತಿವೆ. ಅವುಗಳ ಮೇಲೆ ನಡೆಯುವ ಸ್ಟೈಲ್‌ಶೀಟ್‌ಗಳಿಗೆ ನೊವಾಚೆವ್ ಅವರ ಖಾಲಿ ಎಲಿಮೆಂಟೇ ಇಂದಿಗೂ ಆಸರೆ.