ಬೇಲಿ ಬೆಟ್ಟಕ್ಕೆ, ವಿಷ ಬಯಲಿನಲ್ಲಿ

ಕಡಲ ಹಕ್ಕಿಗಳ ರಕ್ಷಣೆಗೆಂದು ದೇಶ ದೇಶಗಳು ಸೇರಿ ಕಾನೂನು ಮಾಡಿಕೊಂಡಿವೆಯಂತೆ, ನಮ್ಮ ರಾಮದೇವರ ಬೆಟ್ಟದ ರಣಹದ್ದಿಗೆ ಧಾಮವೂ ಇದೆ, ಕಾನೂನೂ ಇದೆ, ಆದರೂ ಹಕ್ಕಿ ಯಾಕೆ ಕಣ್ಣಿಗೆ ಬೀಳುವುದಿಲ್ಲ ಎಂದು ಬಿಡದಿಯ ಓದುಗರೊಬ್ಬರು ಕೇಳಿದ್ದಾರೆ. ಬಿಡದಿ ಅಂದರೆ ಕಾರು ಕಾರ್ಖಾನೆ, ತಟ್ಟೆ ಇಡ್ಲಿ ಎಂದುಕೊಂಡವರಿಗೆ ಈ ಪ್ರಶ್ನೆ ವಿಚಿತ್ರ ಎನಿಸಬಹುದು. ನನಗಂತೂ ಖುಷಿಯಾಯಿತು. ಕಡಲ ಹಕ್ಕಿಯನ್ನೂ ರಣಹದ್ದನ್ನೂ ಒಂದೇ ಉಸಿರಿನಲ್ಲಿ ಕೇಳಿರುವುದರಲ್ಲೇ ಅರ್ಧ ಉತ್ತರ ಇದೆ.

ಸಮುದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದಲ್ಲಿದ್ದರೂ ರಾಮನಗರದ ರಣಹದ್ದು ಬಾಳುವ ರೀತಿ ಥೇಟ್ ಆಲ್ಬಟ್ರಾಸ್ ಎಂಬ ಕಡಲ ಹಕ್ಕಿಯದು. ಆಲ್ಬಟ್ರಾಸ್ ಮನುಷ್ಯರು ಸುಳಿಯದ ದ್ವೀಪದಲ್ಲಿ ಗೂಡು ಕಟ್ಟುತ್ತದೆ, ಇದು ಕಡಿದಾದ ಬಂಡೆಯ ಅಂಚಿನಲ್ಲಿ. ಎರಡೂ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೂ ಮೊಟ್ಟೆಯಿಡಲು ರಣಹದ್ದಿಗೆ ಸುಮಾರು ಐದು ವರ್ಷ ಬೇಕು, ದೊಡ್ಡ ಆಲ್ಬಟ್ರಾಸ್‌ಗಳಿಗೆ ಹತ್ತು. ಎರಡೂ ರೆಕ್ಕೆ ಬಡಿಯದೆ ಗಾಳಿಯ ಮೇಲೆ ತೇಲುತ್ತ ಆಹಾರಕ್ಕಾಗಿ ನೂರಾರು ಕಿಲೋಮೀಟರ್ ಅಲೆಯುತ್ತವೆ. ಹೀಗೆ ಬಾಳುವ ಹಕ್ಕಿಯ ಸಂಖ್ಯೆ ನಿಲ್ಲುವುದು ವಯಸ್ಕ ಹಕ್ಕಿಗಳು ಬಹಳ ಕಾಲ ಬದುಕಿದರೆ ಮಾತ್ರ. ಒಂದು ವರ್ಷ ಮೊಟ್ಟೆ ಒಡೆದುಹೋದರೆ ನಷ್ಟ ತುಂಬಿಕೊಳ್ಳಬಹುದು, ತಾಯಿಯೇ ಸತ್ತರೆ ತುಂಬಿಕೊಳ್ಳುವುದು ಬಲು ಕಷ್ಟ.

ಕಾನೂನು ಎಡವಿದ್ದೂ ಇಲ್ಲೇ. ಆಲ್ಬಟ್ರಾಸ್ ಗೂಡು ಕಟ್ಟುವ ದ್ವೀಪಗಳಿಗೆ ರಕ್ಷಣೆ ಸಿಕ್ಕಿದ ಮೇಲೂ ಹಕ್ಕಿ ಕಡಿಮೆಯಾಗುತ್ತಲೇ ಹೋಯಿತು. ಆಸ್ಟ್ರೇಲಿಯಾದ ನೈಜೆಲ್ ಬ್ರದರ್ಸ್ ಜಪಾನಿ ಮೀನುದೋಣಿಗಳ ಮೇಲೆ ಕೂತು ಲೆಕ್ಕ ಹಾಕಿ, 1991ರಲ್ಲಿ ಒಂದು ಅಂಕಿ ಮುಂದಿಟ್ಟರು: ದಕ್ಷಿಣ ಸಾಗರದಲ್ಲಿ ಟ್ಯೂನಾ ಹಿಡಿಯಲು ಬಿಡುವ ಮೈಲುಗಟ್ಟಲೆ ಉದ್ದದ ಗಾಳದ ಹಗ್ಗಗಳಿಗೆ ವರ್ಷಕ್ಕೆ ಸುಮಾರು 44,000 ಆಲ್ಬಟ್ರಾಸ್ ಬಲಿ. ಗಾಳ ಮುಳುಗುವ ಮುಂಚೆ ಮೇಲಿನ ಎರೆಗೆ ಬಾಯಿ ಹಾಕಿದ ಹಕ್ಕಿ ಗಾಳದ ಜೊತೆಗೇ ಮುಳುಗುತ್ತಿತ್ತು. ಗೂಡಿರುವ ದ್ವೀಪಕ್ಕೆ ಕಾವಲು ಹಾಕಿ ಏನು ಪ್ರಯೋಜನ? ಕೊನೆಗೆ ಕೈಹಿಡಿದದ್ದು ಮೀನುಗಾರಿಕೆಯ ನಿಯಮಗಳು. ರಾತ್ರಿ ಹೊತ್ತು ಗಾಳ ಬಿಡಿ, ಹಗ್ಗಕ್ಕೆ ತೂಕ ಕಟ್ಟಿ ಬೇಗ ಮುಳುಗಿಸಿ, ಹಕ್ಕಿ ಬೆದರುವಂತೆ ಬಣ್ಣದ ಪಟ್ಟಿ ಹಾರಿಸಿ. ಆಲ್ಬಟ್ರಾಸ್ ಮತ್ತು ಪೆಟ್ರೆಲ್ ಸಂರಕ್ಷಣಾ ಒಪ್ಪಂದ ಜಾರಿಗೆ ಬಂದದ್ದು 2004ರ ಫೆಬ್ರುವರಿಯಲ್ಲಿ.

ಅದೇ ತಿಂಗಳು ರಣಹದ್ದಿನ ಒಗಟೂ ಬಿಡಿಸಿಕೊಂಡಿತು. ಆ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ರಣಹದ್ದುಗಳು ಕತ್ತು ಜೋತುಹಾಕಿಕೊಂಡು ಕೂತಲ್ಲೇ ಸಾಯುತ್ತಿರುವುದನ್ನು 1990ರ ದಶಕದಲ್ಲಿ ಗಮನಿಸಿ ಎಚ್ಚರಿಸಿದವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್. ಮೊದಲು ಎಲ್ಲರ ಗುಮಾನಿ ಹೋದದ್ದು ವೈರಸ್ ಮೇಲೆ. ಪಾಕಿಸ್ತಾನದ ಪಂಜಾಬಿನಲ್ಲಿ ಸತ್ತ ಬಿಳಿ ಬೆನ್ನಿನ ರಣಹದ್ದುಗಳನ್ನು ಕೊಯ್ದು ನೋಡಿದ ಅಮೆರಿಕದ ಪಶುವೈದ್ಯ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರಿಗೆ ಬಹುಪಾಲು ಹಕ್ಕಿಗಳಲ್ಲಿ ಕಂಡದ್ದು ಒಂದೇ ದೃಶ್ಯ: ಯಕೃತ್ತು, ಹೃದಯ, ಮೂತ್ರಪಿಂಡಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಲೇಪ. ಅದು ಯೂರಿಕ್ ಆಮ್ಲದ ಹರಳು. ಹಕ್ಕಿಗಳು ನಮ್ಮಂತೆ ಯೂರಿಯಾ ಹೊರಹಾಕುವುದಿಲ್ಲ, ಯೂರಿಕ್ ಆಮ್ಲ ಹೊರಹಾಕುತ್ತವೆ. ಮೂತ್ರಪಿಂಡ ಕೈಕೊಟ್ಟರೆ ಅದು ರಕ್ತದಲ್ಲಿ ಏರಿ, ಒಳಗಿನ ಅಂಗಗಳ ಮೇಲೆಯೇ ಹರಳುಗಟ್ಟುತ್ತದೆ.

ಮೂತ್ರಪಿಂಡ ಕೆಡಿಸಿದ್ದು ಯಾವುದು? ವೈರಸ್ ಸಿಗಲಿಲ್ಲ. ಕೀಟನಾಶಕ ಇಲ್ಲ, ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ. ಆಗ ಅವರು ಪ್ರಯೋಗಾಲಯ ಬಿಟ್ಟು ಬೀದಿಗಿಳಿದರು. ರಣಹದ್ದಿನ ಊಟ ಸತ್ತ ದನ, ಹಾಗಾಗಿ ದನಗಳಿಗೆ ಯಾವ ಔಷಧ ಕೊಡುತ್ತೀರಿ ಎಂದು ಪಶುವೈದ್ಯರನ್ನೂ ಔಷಧ ಅಂಗಡಿಯವರನ್ನೂ ಕೇಳಿದರು. ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವಂಥದ್ದು, ಮೂತ್ರಪಿಂಡಕ್ಕೆ ಕೆಡುಕು ಮಾಡುವಂಥದ್ದು ಎಂದು ಸೋಸಿದಾಗ ಉಳಿದದ್ದು ಒಂದೇ ಹೆಸರು, ಡೈಕ್ಲೋಫೆನಾಕ್. ನಮ್ಮ ಮಂಡಿನೋವಿಗೆ ನುಂಗುವ ಅದೇ ಅಗ್ಗದ ಮಾತ್ರೆ! ಮೂತ್ರಪಿಂಡ ಕೆಟ್ಟು ಸತ್ತ 25 ಹಕ್ಕಿಗಳಲ್ಲಿ 25ರಲ್ಲೂ ಅದು ಸಿಕ್ಕಿತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಜೀವವಿಜ್ಞಾನದಲ್ಲಿ ಇಷ್ಟು ಶುದ್ಧವಾದ ಫಲಿತಾಂಶ ಸಿಗುವುದು ಅಪರೂಪ.

ಆಮೇಲೆ ಬಂದ ಲೆಕ್ಕಾಚಾರ ಇನ್ನೂ ದಿಗಿಲು ಹುಟ್ಟಿಸುವಂಥದ್ದು. ಸತ್ತ ದನಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಶವಗಳಲ್ಲಿ ಮಾರಕ ಪ್ರಮಾಣದ ಔಷಧ ಇದ್ದರೂ ಸಾಕು, ಆಗಿರುವ ಕುಸಿತವೆಲ್ಲ ಆಗಿಬಿಡುತ್ತದೆ ಎಂದು ರೈಸ್ ಗ್ರೀನ್ ಮತ್ತು ಸಂಗಡಿಗರು ತೋರಿಸಿದರು. ಒಂದೇ ಶವಕ್ಕೆ ಹತ್ತಾರು ಹಕ್ಕಿ ಮುತ್ತುವುದರಿಂದ ಹೀಗೆ. 1992ರಿಂದ 2007ರೊಳಗೆ ಭಾರತದ ಬಿಳಿ ಬೆನ್ನಿನ ರಣಹದ್ದು ಶೇ 99.9ರಷ್ಟು ಅಳಿಯಿತು, ಉದ್ದ ಕೊಕ್ಕಿನದು ಶೇ 97ರಷ್ಟು. ರಾಮದೇವರ ಬೆಟ್ಟದಲ್ಲಿ ಉಳಿದಿರುವುದು ಈ ಎರಡನೆಯದು, ಅದೂ ಬೆರಳೆಣಿಕೆಯಷ್ಟು.

ಈಗ ಬೆಟ್ಟಕ್ಕೆ ಬರೋಣ. 'ಶೋಲೆ' ಚಿತ್ರೀಕರಣದಿಂದ ಊರಿಗೇ ಹೆಸರು ತಂದ ಈ ಬಂಡೆಗಳ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಾಜ್ಯ ಸರ್ಕಾರ 2012ರಲ್ಲಿ ರಣಹದ್ದು ಧಾಮ ಎಂದು ಘೋಷಿಸಿತು. ಹಕ್ಕಿಯೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿದೆ. ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ಧಾಮ ಬೇಡ ಎನ್ನುವವನಲ್ಲ ನಾನು. ಕಲ್ಲು ಗಣಿಗಾರಿಕೆಯ ಸೀಮೆಯಲ್ಲಿ ಗೂಡಿರುವ ಬಂಡೆಯನ್ನು ಡೈನಮೈಟಿನಿಂದ, ಬಂಡೆ ಹತ್ತುವ ಉತ್ಸಾಹಿಗಳಿಂದ ಕಾಯಲು ಅದು ಬೇಕೇ ಬೇಕು. ಆದರೆ ರಣಹದ್ದನ್ನು ಬೇಟೆಯಾಡುವವರು ಯಾರು? ಬೆಟ್ಟದ ಮೇಲೆ ಅದನ್ನು ಯಾರೂ ಕೊಲ್ಲುತ್ತಿರಲಿಲ್ಲ. ಬೆಳಿಗ್ಗೆ ಬಿಸಿಗಾಳಿ ಏಳುತ್ತಿದ್ದಂತೆ ಹೊರಟ ಹಕ್ಕಿಗೆ ಬಿಡದಿ ಕೈಗಾರಿಕಾ ಪ್ರದೇಶ ಕೂಗಳತೆ ದೂರ. ಮಾಗಡಿ, ಕನಕಪುರ, ಚನ್ನಪಟ್ಟಣ ಎಲ್ಲ ಅದರ ಒಂದು ಹೊತ್ತಿನ ಊಟದ ವ್ಯಾಪ್ತಿ. 346 ಹೆಕ್ಟೇರ್ ಮಲಗುವ ಕೋಣೆಯಾಯಿತು, ಊಟದ ಮನೆಗೆ ಬೇಲಿ ಹಾಕಲು ಯಾವ ಅರಣ್ಯ ಇಲಾಖೆಯಿಂದಲೂ ಆಗದು. ಧಾಮದ ಫಲಕ ನೆಟ್ಟು ಫೋಟೊ ತೆಗೆಸಿಕೊಂಡರೆ ಹಕ್ಕಿ ಉಳಿಯಿತು ಎಂಬ ಸಂಭ್ರಮ ನನಗೆ ಹಿಡಿಸದಿರುವುದು ಇದಕ್ಕೇ. ನಮ್ಮ ಕರಾವಳಿಯಲ್ಲೂ ಅಷ್ಟೆ: ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವ ಬಿಳಿ ಹೊಟ್ಟೆಯ ಕಡಲ ಹದ್ದಿಗೂ ಮೊದಲನೇ ಪರಿಚ್ಛೇದದ ರಕ್ಷಣೆ ಇದೆ, ಅದೇ ದ್ವೀಪ ನೌಕಾಪಡೆಯ ಗುರಿ ಅಭ್ಯಾಸಕ್ಕೂ ಬಳಕೆಯಾಗಿದೆ.

ಹಾಗಾಗಿ ರಣಹದ್ದಿನ ಪಾಲಿನ ನಿಜವಾದ ವನ್ಯಜೀವಿ ಕಾನೂನು ಬರೆದದ್ದು ಔಷಧ ನಿಯಂತ್ರಕರು. 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ತಯಾರಿಸುವ ಪರವಾನಗಿ ಹಿಂಪಡೆಯಲು ಸೂಚನೆ ಹೋಯಿತು, 2008ರಲ್ಲಿ ನಿಷೇಧ ಗೆಜೆಟ್ ಸೇರಿತು. ಆದರೆ ಮನುಷ್ಯರಿಗೆಂದು ಬರುತ್ತಿದ್ದ 30 ಮಿಲಿಲೀಟರ್ ಸೀಸೆ ಕೊಟ್ಟಿಗೆ ಸೇರುವುದು ನಿಲ್ಲಲಿಲ್ಲ. ಮನುಷ್ಯನ ಒಂದು ಚುಚ್ಚುಮದ್ದಿಗೆ 3 ಮಿಲಿಲೀಟರ್ ಸಾಕಲ್ಲ, ಮೂವತ್ತು ಯಾರಿಗೆ? 2015ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೀಸೆಯ ಗಾತ್ರವನ್ನೇ 3 ಮಿಲಿಲೀಟರಿಗೆ ಇಳಿಸಿತು. ಇದು ನನಗೆ ಬಹಳ ಹಿಡಿಸಿದ ಕಾನೂನು. 400 ಕಿಲೋ ತೂಗುವ ಸೀಮೆ ಹಸುವಿಗೆ ಕಿಲೋಗೆ ಒಂದು ಮಿಲಿಗ್ರಾಂ ಎಂದು ಹಿಡಿದರೂ, 75 ಮಿಲಿಗ್ರಾಂ ಇರುವ ಆ ಪುಟ್ಟ ಸೀಸೆಗಳು ಐದಾರು ಬೇಕು. ಒಡೆದು ಒಡೆದು ಸೂಜಿಗೆ ಎಳೆಯುವ ರಗಳೆಗೆ ಬೇಸತ್ತು ಬೇರೆ ಔಷಧಕ್ಕೆ ಹೋಗಲಿ ಎಂಬುದೇ ಲೆಕ್ಕ. ಔಷಧ ಕಂಪನಿಗಳು ಕೋರ್ಟಿಗೆ ಹೋದವು, ಮದ್ರಾಸ್ ಹೈಕೋರ್ಟ್ 2017ರಲ್ಲಿ ನಿಯಮವನ್ನು ಎತ್ತಿಹಿಡಿಯಿತು.

ಅಷ್ಟರಲ್ಲಿ ಕಳ್ಳದಾರಿಗಳು ಹುಟ್ಟಿಕೊಂಡವು. ಅಸೆಕ್ಲೋಫೆನಾಕ್ ಎಂಬುದು ದನದ ಮೈಯೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಅದನ್ನೂ ಕೀಟೊಪ್ರೊಫೆನ್ ಅನ್ನೂ ಪಶುಬಳಕೆಗೆ ನಿಷೇಧಿಸಲು 2023 ಬರಬೇಕಾಯಿತು. ನಿಮೆಸುಲೈಡ್ ಸರದಿ 2024ರ ಕೊನೆಗೆ.

ರಣಹದ್ದು ಹೋದದ್ದರಿಂದ ಐದು ವರ್ಷಗಳಲ್ಲಿ ಐದು ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು ಎಂಬ ಸುದ್ದಿ 2024ರಲ್ಲಿ ಎಲ್ಲೆಡೆ ಹರಿದಾಡಿತು. ಇಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನ ಅದು. ರಣಹದ್ದು ಹೆಚ್ಚಿದ್ದಿರಬಹುದಾದ ಜಿಲ್ಲೆಗಳನ್ನು ಇಲ್ಲದ ಜಿಲ್ಲೆಗಳ ಜೊತೆ ತೂಗಿ, ಸಾವಿನ ದರದ ವ್ಯತ್ಯಾಸದಿಂದ ತೆಗೆದ ಅಂದಾಜು. ಕೊಳೆತ ಶವ, ಬೀದಿನಾಯಿ, ರೇಬಿಸ್, ಕೆಟ್ಟ ನೀರು ಎಂಬ ಸರಪಳಿ ನಂಬುವಂಥದ್ದೇ. ಆದರೂ ಎಣಿಸಿದ ಹೆಣಗಳೆಂಬಂತೆ ಆ ಅಂಕಿಯನ್ನು ಭಾಷಣಗಳಲ್ಲಿ ಬೀಸುವುದು ಸರಿಯಲ್ಲ.

ಬಿಡದಿಯ ಓದುಗರ ಮನೆಯಲ್ಲಿ ಹಸು ಇದ್ದರೆ ಒಂದು ಮಾತು. ಕೆಚ್ಚಲು ಬಾವಿಗೋ ಜ್ವರಕ್ಕೋ ನೋವು ನಿವಾರಕ ಬರೆಯುವಾಗ ಮೆಲಾಕ್ಸಿಕಾಂ ಆದೀತೇ ಎಂದು ವೈದ್ಯರನ್ನು ಕೇಳಿ. ಅದು ರಣಹದ್ದಿಗೆ ಅಪಾಯ ಮಾಡುವುದಿಲ್ಲ ಎಂದು 2006ರಲ್ಲೇ ಪರೀಕ್ಷೆಯಾಗಿದೆ, ಬೆಲೆಯೂ ಕೈಗೆಟುಕುವಂಥದ್ದು. ಇನ್ನು ಸರ್ಕಾರದ ಪಾಲು. 2020ರಿಂದ 2025ರವರೆಗಿನ ರಾಷ್ಟ್ರೀಯ ರಣಹದ್ದು ಕ್ರಿಯಾಯೋಜನೆಯಲ್ಲಿ, ಯಾವುದೇ ಪಶು ಔಷಧ ರಣಹದ್ದಿಗೆ ವಿಷ ಎಂದು ಸಾಬೀತಾದರೆ ತಾನೇ ತಾನಾಗಿ ಮಾರುಕಟ್ಟೆಯಿಂದ ಹೋಗುವಂಥ ವ್ಯವಸ್ಥೆ ಬೇಕು ಎಂದು ಬರೆದಿತ್ತು. ಒಂದೊಂದು ಔಷಧಕ್ಕೂ ಹತ್ತು ಹದಿನೈದು ವರ್ಷ ಹೋರಾಡುವುದು ತಪ್ಪಬೇಕಾದರೆ ಆ ಒಂದು ಸಾಲು ನಿಯಮವಾಗಿ ಗೆಜೆಟ್‌ಗೆ ಬರಬೇಕು.