ಹೊಸ ಅಡುಗೆಕಟ್ಟೆಗೆ ಮುನ್ನ ಹಳೆಯ ಗೋಡೆ ಸರಿಯಾಗಲಿ

ರಾಗಿ ಒಕ್ಕಣೆ ಮುಗಿದು, ಈರುಳ್ಳಿ ಅಥವಾ ಅಡಿಕೆಯ ಹಣ ಕೈಸೇರಿದೊಡನೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಅನೇಕ ರೈತರು ಮನೆ ರಿಪೇರಿಗೆ ತೊಡಗುತ್ತಾರೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಅನಿಲದ ಒಲೆ ಹಳ್ಳಿಯ ಬಡ ಮನೆಗಳಿಗೂ ಬಂದಿದೆ. ನಿಂತು ಅಡುಗೆ ಮಾಡುವ ಕಟ್ಟೆ, ಗೋಡೆಗೆ ಕಪಾಟು, ಟೈಲ್ಸ್ ಬೇಕೆಂದು ಗೃಹಿಣಿಯರು ಕೇಳುವುದು ನ್ಯಾಯವೇ. ಆದರೆ ಹಣವೆಲ್ಲ ಕಲ್ಲು, ಟೈಲ್ಸಿಗೆ ಹೋಗುತ್ತದೆ. ಅವುಗಳನ್ನು ಹೊರಬೇಕಾದ ಗೋಡೆಯ ಕಡೆ ಯಾರ ಗಮನವೂ ಹೋಗುವುದಿಲ್ಲ.

ಅಜ್ಜಂಪುರದ ಕಡೆ ನಾನು ಕಂಡ ಒಂದು ಮನೆಯ ಮಾತು. ಹಳೆಯ ಮಣ್ಣುಗೋಡೆಯ ಉಬ್ಬುತಗ್ಗು ಮುಚ್ಚಲು ಎರಡು ಅಂಗುಲ ದಪ್ಪದ ಸಿಮೆಂಟ್ ಗಾರೆಯನ್ನು ಒಂದೇ ಸಲ ಬಳಿದಿದ್ದರು. ಎರಡನೆಯ ಮಳೆಗಾಲದಲ್ಲಿ ಗಾರೆ ಹಪ್ಪಳದಂತೆ ಕಳಚಿ, ಕಪಾಟು ಪಾತ್ರೆಗಳ ಸಮೇತ ಕೆಳಗೆ ಬಿತ್ತು. ಮನೆಯಾಕೆ ಆಗ ಕೊಟ್ಟಿಗೆಯಲ್ಲಿದ್ದುದರಿಂದ ಅನಾಹುತ ತಪ್ಪಿತು. ವರ್ಷದ ಉಳಿತಾಯ ಮಾತ್ರ ಹೋಯಿತು.

ಕಾರಣ ಸರಳ. ಮಣ್ಣುಗೋಡೆ ತೇವವನ್ನು ಹೀರಿ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ದಾರಿಯಿಲ್ಲದೆ, ಒಳಗಿನ ಮಣ್ಣು ಮೆತ್ತಗಾಗಿ ಗಾರೆ ಹಿಡಿತ ಬಿಡುತ್ತದೆ. ಎರೆಮಣ್ಣಿನ ನೆಲವಾದರೆ ಇನ್ನೂ ಎಚ್ಚರಿಕೆ ಬೇಕು. ಅದು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ಗೋಡೆಯೇ ಬಿರಿಯುತ್ತದೆ.

ಮೊದಲು ಪರೀಕ್ಷೆ

ಗೋಡೆಯ ಬುಡದಲ್ಲಿ ತೇವದ ಕಲೆ ಇದ್ದರೆ ಮೊದಲು ಹೊರಗಿನ ಸೂರಿನ ನೀರು, ಬಚ್ಚಲ ನೀರು ಅಲ್ಲಿ ನಿಲ್ಲದಂತೆ ಮಾಡಿರಿ. ತರೀಕೆರೆಯ ಮಲೆನಾಡಿನಂಚಿನ ಹಳ್ಳಿಗಳಲ್ಲಿ ಇದು ಅತ್ಯವಶ್ಯ. ಬಳಿಕ ಕೋಲಿನಿಂದ ಗೋಡೆಯನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದೆಡೆ ಹಳೆಯ ಗಾರೆಯನ್ನು ಪೂರ್ತಿ ಕೆತ್ತಿ ತೆಗೆಯಬೇಕು. ಹೊಗೆಯ ಮಸಿ, ಎಣ್ಣೆಯ ಜಿಡ್ಡನ್ನೂ ಹೆರೆದು ತೆಗೆಯದಿದ್ದರೆ ಹೊಸ ಗಾರೆ ಹಿಡಿಯುವುದಿಲ್ಲ. ಆಮೇಲೆ ತೂಕಗುಂಡು ಇಳಿಬಿಟ್ಟು, ಮೂಲೆಯಿಂದ ಮೂಲೆಗೆ ದಾರ ಎಳೆದು ಉಬ್ಬುತಗ್ಗುಗಳನ್ನು ಗುರುತಿಸಿಕೊಳ್ಳಿ.

ಇಟ್ಟಿಗೆ ಗೋಡೆ

ಉಬ್ಬನ್ನು ಕೆತ್ತಿ, ಗೋಡೆಗೆ ನೀರು ಚಿಮುಕಿಸಿ, ತಗ್ಗನ್ನು ಪದರ ಪದರವಾಗಿ ತುಂಬಬೇಕು. ಒಂದು ಪದರ ಅರ್ಧ ಅಂಗುಲಕ್ಕಿಂತ ಹೆಚ್ಚು ದಪ್ಪ ಬೇಡ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಕು. ಮೊದಲ ಪದರ ಹಸಿಯಿರುವಾಗಲೇ ಗೀರು ಹಾಕಿ, ಗಟ್ಟಿಯಾದ ಮೇಲೆ ಎರಡನೆಯದನ್ನು ಬಳಿಯಿರಿ. ಕೊನೆಗೆ ಏಳು ದಿನ ನೀರುಣಿಸಿರಿ. ವಿದ್ಯುತ್ ಕೊಳವೆ, ನೀರಿನ ಕೊಳವೆ ಹೂಳುವುದಿದ್ದರೆ ಗಾರೆಗೆ ಮುನ್ನವೇ ಹೂಳಬೇಕು.

ಮಣ್ಣುಗೋಡೆ

ಮಣ್ಣುಗೋಡೆಗೆ ಮಣ್ಣಿನ ಗಾರೆಯೇ ಲೇಸು. ಜರಡಿ ಹಿಡಿದ ಕೆಂಪುಮಣ್ಣಿಗೆ ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ ಒಂದು ವಾರ ನೆನೆಹಾಕಿ ತುಳಿಯಿರಿ. ಮೊದಲು ಒಂದು ಚದರಡಿ ಬಳಿದು ಒಣಗಿಸಿ ನೋಡಿ. ಬಿರಿದರೆ ಮರಳು ಹೆಚ್ಚಿಸಿ. ಕೈಗೆ ಪುಡಿ ಹತ್ತಿದರೆ ಜಿಗುಟು ಮಣ್ಣು ಸೇರಿಸಿ. ಮೇಲೆ ಸುಣ್ಣ ಬಳಿದರೆ ಸಾಕು.

ನೀರು ಸಿಡಿಯುವ ಕಡೆ ಟೈಲ್ಸ್ ಬೇಕೇ ಬೇಕೆಂದರೆ, ತನ್ನದೇ ತಳಪಾಯದ ಮೇಲೆ ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆಯನ್ನು ಕಟ್ಟೆಯೊಡನೆ ಸೇರಿಸಿ ಎಬ್ಬಿಸಿ, ಅದಕ್ಕೆ ಅಂಟಿಸಿರಿ. ಕಟ್ಟೆಯ ಭಾರ ನೆಲದ ಮೇಲಿರಲಿ, ಹಳೆಯ ಗೋಡೆಯ ಮೇಲಲ್ಲ. ಭಾರದ ಕಪಾಟನ್ನೂ ನೆಲದ ಮೇಲೆಯೇ ನಿಲ್ಲಿಸಿರಿ.

ಕಟ್ಟೆಯ ಎತ್ತರ ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿರಲಿ; ಅಳತೆಯನ್ನು ಅವರಿಂದಲೇ ತೆಗೆದುಕೊಳ್ಳಿ. ಸಿಲಿಂಡರ್ ನೆಟ್ಟಗೆ, ಒಲೆಗಿಂತ ಕೆಳಗೆ ಇರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ, ಸೋರಿದರೆ ಹೊರಹೋಗಲು ನೆಲದ ಮಟ್ಟದಲ್ಲಿ ಗಾಳಿಕಿಂಡಿ ಬಿಡುವುದನ್ನು ಮರೆಯಬಾರದು.

ಮಣ್ಣುಗೋಡೆ ಬಡತನದ ಗುರುತೆಂದು ನಾಚುವ ಅಗತ್ಯವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಮಣ್ಣಿನಿಂದಲೇ ಗಟ್ಟಿಮುಟ್ಟಾದ ಮನೆ ಕಟ್ಟಬಹುದೆಂದು ತೋರಿಸಿಕೊಟ್ಟಿದ್ದಾರೆ. ಗೋಡೆ ಚೆನ್ನಾಗಿ ಒಣಗಿರುವ ಜನವರಿಯಿಂದ ಮಾರ್ಚಿಯವರೆಗಿನ ಕಾಲ ಈ ಕೆಲಸಕ್ಕೆ ಸೂಕ್ತ. ಬಿತ್ತುವ ಮುನ್ನ ಹೊಲ ಹದ ಮಾಡುವ ರೈತನಿಗೆ, ಕಟ್ಟೆಗೆ ಮುನ್ನ ಗೋಡೆ ಹದ ಮಾಡಿರೆಂದು ಹೆಚ್ಚು ಹೇಳಬೇಕಾಗಿಲ್ಲ.